ಅಟ್ಟದ ಮೇಲಿನ ಐದು ಪೆಟ್ಟಿಗೆ: ಉಮರ್ಗಾದ ಒಂದು ಅಂಗಡಿಯ ಚರಿತ್ರೆ

ನನ್ನ ಅಕ್ಕನ ಮಗ ಈ ವರ್ಷ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ. ಊರಲ್ಲಿ, ಅಂದರೆ ಮಂಗಳೂರಿನ ಕಡೆ, ಒಂದು ಮೊಬೈಲ್ ಶೋರೂಮ್ ಹಾಕಬೇಕೆಂದು ಅವನ ಆಸೆ. ಗಾಜಿನ ಕೌಂಟರ್, ಎಸಿ, ಎದುರಿಗೆ ದೊಡ್ಡ ಬೋರ್ಡ್, ಒಟ್ಟು 12 ಲಕ್ಷ ರೂಪಾಯಿಯ ಲೆಕ್ಕ. ಅದರಲ್ಲಿ ಅರ್ಧ ಅವನ ಬಾಪ ಗಲ್ಫಿನಲ್ಲಿ ದುಡಿದು ಉಳಿಸಿದ್ದು, ಇನ್ನರ್ಧ ಅಕ್ಕನ ಚಿನ್ನ. ಮನೆಯಲ್ಲಿ ಎರಡು ಅಭಿಪ್ರಾಯ ಬಂತು. ಕೊನೆಗೆ ಅಕ್ಕ ಫೋನ್ ಮಾಡಿ, "ನೀನು ಇಷ್ಟು ವರ್ಷದಿಂದ ಇದೇ ವ್ಯಾಪಾರದಲ್ಲಿದ್ದೀಯಲ್ಲ, ನೀನೇ ಹೇಳು" ಅಂದಳು.

ಫೋನಿನಲ್ಲಿ ನನಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ಅದೇ ವಾರ ಮಳೆಗೆ ಅಂಗಡಿಯ ಅಟ್ಟ ಸೋರಿತು. ಮೇಲಿದ್ದ ಸಾಮಾನು ಕೆಳಗಿಳಿಸಿದಾಗ ಐದು ರಟ್ಟಿನ ಪೆಟ್ಟಿಗೆಗಳು ಸಿಕ್ಕಿದವು. ಉಪ್ಪ ನೋಡಿ, "ಗುಜರಿಗೆ ಹಾಕು" ಅಂದರು. ನಾನು ಹಾಕಲಿಲ್ಲ. ಅಕ್ಕನಿಗೆ ಹೇಳಬೇಕಾದ ಉತ್ತರ ಅವುಗಳಲ್ಲೇ ಇದೆ ಅನಿಸಿತು. ನಮ್ಮ ಸಮುದಾಯದಲ್ಲಿ ಮೊಬೈಲ್ ಅಂಗಡಿ ಇಟ್ಟವರು, ಇಡಬೇಕೆಂದಿರುವವರು ಬಹಳ ಜನ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಊರು ಎಲ್ಲಿದೆ

ನಮ್ಮ ಅಂಗಡಿ ಇರುವುದು ಕರಾವಳಿಯಲ್ಲಲ್ಲ, ಮಹಾರಾಷ್ಟ್ರದ ಉಮರ್ಗಾದಲ್ಲಿ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ದಕ್ಷಿಣಕ್ಕೆ ಹೋದರೆ ಕಲಬುರಗಿ ಜಿಲ್ಲೆಯ ಆಳಂದ, ಪೂರ್ವಕ್ಕೆ ಬೀದರ್ ಜಿಲ್ಲೆಯ ಬಸವಕಲ್ಯಾಣ. ಉತ್ತರದ ಕಡೆ ನಿಲಂಗಾ, ಅದರಾಚೆ ಉದಗೀರ್. 1948ರ ಸೆಪ್ಟೆಂಬರ್‌ವರೆಗೆ ಇದೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನ. ನಿಲಂಗಾ ಮತ್ತು ಉದಗೀರ್ ಆಗ ಬೀದರ್ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಬೇರೆ ಮಾಡಿದಾಗ ಬೀದರ್ ಮೈಸೂರು ರಾಜ್ಯಕ್ಕೆ ಹೋಯಿತು. ಈ ಎರಡು ತಾಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಬಂದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅವು ಅಲ್ಲಿಗೆ ಸೇರಿದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು.

ಗೆರೆ ಎಳೆದರೂ ಮಾತು ನಿಲ್ಲಲಿಲ್ಲ. ನಮ್ಮ ಕೌಂಟರಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮರಾಠಿ, ಕನ್ನಡ, ದಖ್ಖನಿ ಉರ್ದು ಮೂರೂ ನಡೆಯುತ್ತವೆ. ಹೆದ್ದಾರಿಯ ಲಾರಿಯವರು ತೆಲುಗು ತರುತ್ತಾರೆ. ಶಟರ್ ಎಳೆದ ಮೇಲೆ ಮನೆಯೊಳಗೆ ನಮ್ಮ ಬ್ಯಾರಿ ಬಾಸೆ. ಉಪ್ಪ 1981ರಲ್ಲಿ ಇಲ್ಲಿಗೆ ಬಂದದ್ದು ಊರಿನವರೊಬ್ಬರ ಹೋಟೆಲಿನಲ್ಲಿ ಸಪ್ಲೈಯರ್ ಆಗಿ. ನಾಲ್ಕು ವರ್ಷದ ನಂತರ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಟಾರ್ಚ್, ಸೆಲ್, ಗಡಿಯಾರ, ರೇಡಿಯೋ ಇಟ್ಟರು. ಬ್ಯಾರಿ ಎಂಬ ಹೆಸರೇ 'ಬ್ಯಾರ' ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದು ಅನ್ನುತ್ತಾರಲ್ಲ, ಹಾಗೆ.

ಮೊದಲ ಪೆಟ್ಟಿಗೆ: ರೇಡಿಯೋ

ಮೊದಲ ಪೆಟ್ಟಿಗೆಯಲ್ಲಿ ಒಡೆದ ಟ್ರಾನ್ಸಿಸ್ಟರ್ ರೇಡಿಯೋಗಳು, ಎರಡು ಹಳೆಯ ವಾಲ್ವ್, ಒಂದು ರೇಡಿಯೋ ಲೈಸೆನ್ಸ್ ಪುಸ್ತಕ. ಈಗಿನ ಮಕ್ಕಳು ನಂಬುವುದಿಲ್ಲ, ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕು. 1980ರ ದಶಕದಲ್ಲಿ ಅದು ರದ್ದಾಯಿತು.

ನಮ್ಮ ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಕೂರುತ್ತಿದ್ದ ರೇಡಿಯೋ ಮೆಕ್ಯಾನಿಕ್ ಒಬ್ಬರಿದ್ದರು. ಎಲ್ಲರೂ ಅವರನ್ನು 'ಉಸ್ತಾದ್' ಅನ್ನುತ್ತಿದ್ದರು. ನಿಜಾಮರ ಕಾಲದ ಡೆಕ್ಕನ್ ರೇಡಿಯೋ ವಿಷಯ ನಾನು ಕೇಳಿದ್ದು ಅವರಿಂದಲೇ. 1935ರಲ್ಲಿ ನಿಜಾಮ್ ಸರಕಾರ ವಹಿಸಿಕೊಂಡ ಆ ಹೈದರಾಬಾದ್ ಕೇಂದ್ರದಿಂದ ಉರ್ದು ಮಾತ್ರವಲ್ಲ, ತೆಲುಗು, ಮರಾಠಿ, ಕನ್ನಡವೂ ಬರುತ್ತಿತ್ತು. 1950ರಲ್ಲಿ ಅದು ಆಕಾಶವಾಣಿಯ ಕೈಗೆ ಹೋಯಿತು. ಆದರೆ ಆಗ ಕೇಳುವವರು ಎಷ್ಟು ಮಂದಿ? ವಾಲ್ವ್ ರೇಡಿಯೋಗೆ ಕರೆಂಟ್ ಬೇಕು, ಇಲ್ಲವಾದರೆ ಇಟ್ಟಿಗೆಯಷ್ಟು ತೂಕದ ಬ್ಯಾಟರಿ ಬೇಕು. ದೇಶಮುಖರ ವಾಡೆಯಲ್ಲೋ ವಕೀಲರ ಮನೆಯಲ್ಲೋ ಒಂದು ಇದ್ದರೆ ಹೆಚ್ಚು.

ಇದನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅದು ಮೊದಲು ಕೆಲಸ ಮಾಡಿದ್ದು 1947ರ ಡಿಸೆಂಬರಿನಲ್ಲಿ, ಇಲ್ಲಿ ಪೊಲೀಸ್ ಆಕ್ಷನ್ ಆಗುವುದಕ್ಕೆ ಒಂಬತ್ತು ತಿಂಗಳ ಮೊದಲು. ಟ್ರಾನ್ಸಿಸ್ಟರ್ ಹಾಕಿದ ಮೊದಲ ಜೇಬು ರೇಡಿಯೋ 1954ರಲ್ಲಿ ಅಮೆರಿಕದ ಅಂಗಡಿಗೆ ಬಂತು. ಮರುವರ್ಷ ಜಪಾನಿನ ಸೋನಿ ತನ್ನದನ್ನು ತಂದಿತು. ಟಾರ್ಚಿಗೆ ಹಾಕುವ ಸೆಲ್ಲನ್ನೇ ರೇಡಿಯೋಗೂ ಹಾಕಬಹುದು ಎಂದಾದ ಮೇಲೆ ಕರೆಂಟ್ ಇಲ್ಲದ ಹೊಲಕ್ಕೂ ಹಾಡು ಬಂತು. ನಮ್ಮಂಥ ಅಂಗಡಿಗಳು ಹುಟ್ಟಿದ್ದು ಅದರಿಂದಲೇ. ರೇಡಿಯೋ ಮಾರುವುದು ತಿಂಗಳಿಗೆ ಒಂದೋ ಎರಡೋ, ಆದರೆ ಸೆಲ್ ಮಾರುವುದು ದಿನವೂ ಎಂದು ಉಪ್ಪ ಈಗಲೂ ಹೇಳುತ್ತಾರೆ.

ಉಸ್ತಾದ್ ಹೇಳುತ್ತಿದ್ದ ಇನ್ನೊಂದು ಸಂಗತಿ 1975ರದ್ದು. ಆ ವರ್ಷ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋದವರು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಹಳ್ಳಿಗಳಿಗೆ ಟಿವಿ ತೋರಿಸಿದರು. ಸೈಟ್ ಎಂದು ಅದರ ಹೆಸರು. ಆರು ರಾಜ್ಯಗಳ 2,400 ಹಳ್ಳಿಗಳು. ಕರ್ನಾಟಕದಲ್ಲಿ ಆಯ್ದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಹತ್ತು ಅಡಿಯ ಡಿಶ್, ಹೈದರಾಬಾದಿನ ಇಸಿಐಎಲ್ ಮಾಡಿದ ಟಿವಿ. ಬೆಂಗಳೂರಿನವರು ತಮ್ಮ ದೂರದರ್ಶನ ಕೇಂದ್ರ ನೋಡಿದ್ದು 1981ರಲ್ಲಿ, ಅಂದರೆ ಗುಲ್ಬರ್ಗಾದ ಹಳ್ಳಿಯವರು ಅವರಿಗಿಂತ ಆರು ವರ್ಷ ಮುಂಚೆ ಟಿವಿ ನೋಡಿದ್ದರು. ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಹಾಗಾಗಿ ಗಡಿಯ ಆಚೆಯ ಕನ್ನಡ ಹಳ್ಳಿಗೆ ಟಿವಿ ಬಂತು, ಈಚೆಯ ಕನ್ನಡ ಹಳ್ಳಿಗೆ ಬರಲಿಲ್ಲ. ಈ ಕಡೆಯ ಹುಡುಗರು ಸಂಜೆ ಸೈಕಲ್ ತುಳಿದು ಆಚೆ ಹೋಗಿ ನೋಡಿ ಬರುತ್ತಿದ್ದರಂತೆ. ಉಸ್ತಾದರೂ ಅವರಲ್ಲೊಬ್ಬರು.

ಎರಡನೆಯ ಪೆಟ್ಟಿಗೆ: ಕ್ಯಾಸೆಟ್

ಈ ಪೆಟ್ಟಿಗೆ ಎತ್ತಲಾರದಷ್ಟು ಭಾರ. ಅದರ ಕಾರಣ ಮುಂದೆ ಹೇಳುತ್ತೇನೆ.

ಕ್ಯಾಸೆಟ್ ಮಾಡಿದ್ದು ಹಾಲೆಂಡಿನ ಫಿಲಿಪ್ಸ್ ಕಂಪೆನಿ, 1963ರಲ್ಲಿ. ಅವರು ಅದರ ವಿನ್ಯಾಸವನ್ನು ತಮ್ಮಲ್ಲೇ ಬಚ್ಚಿಡದೆ ಬೇರೆ ಕಂಪೆನಿಗಳಿಗೂ ಬಿಟ್ಟುಕೊಟ್ಟರು. ಹಾಗಾಗಿ ಜಪಾನಿನಲ್ಲಿ ಮಾಡಿದ ಟೇಪ್ ರೆಕಾರ್ಡರಿನಲ್ಲಿ ದೆಹಲಿಯ ಕ್ಯಾಸೆಟ್ ಹಾಕಿದರೂ ನಡೆಯುತ್ತಿತ್ತು. 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಕ್ಯಾಸೆಟ್ಟಿನ ಬೆಲೆಯನ್ನು ಕೆಳಗಿಳಿಸಿ, ಗ್ರಾಮಫೋನ್ ರೆಕಾರ್ಡ್ ಮಾರದಿದ್ದ ಪಾನ್ ಅಂಗಡಿಗೂ ತಲುಪಿಸಿತು. ಉಮರ್ಗಾದಲ್ಲಿ ಒಂದೇ ಅಂಗಡಿಯಲ್ಲಿ ಮರಾಠಿ ಅಭಂಗ, ಕನ್ನಡ ವಚನ, ಉರ್ದು ಕವ್ವಾಲಿ ಮೂರೂ ಮಾರಿದವರು ನಾವು.

ಟೂ-ಇನ್-ಒನ್ ಬಂದದ್ದು ಮಾತ್ರ ನಮ್ಮವರ ದಾರಿಯಿಂದ. ಗಲ್ಫಿನಿಂದ ಬರುವವರು ಆಗ ಮುಂಬಯಿಯಲ್ಲಿ ಇಳಿಯುತ್ತಿದ್ದರು. ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಹೆಗಲ ಮೇಲೆ ನ್ಯಾಷನಲ್ ಪ್ಯಾನಸೋನಿಕ್, ಕೈಯಲ್ಲಿ ಕಂಬಳಿಯ ಕಟ್ಟು. ಆ ಚಿತ್ರ ನಿಮ್ಮ ಮನೆಯ ಹಳೆಯ ಆಲ್ಬಮಿನಲ್ಲೂ ಇರಬಹುದು. ನನ್ನ ಮಾಮ, ಉಮ್ಮನ ತಮ್ಮ, ದಮ್ಮಾಮಿನಲ್ಲಿದ್ದರು. ಅವರು ಕಳಿಸಿದ ಟೂ-ಇನ್-ಒನ್ ನಮ್ಮ ಅಂಗಡಿಯಲ್ಲಿ ಡೆಮೋ ಪೀಸ್ ಆಗಿ ಹತ್ತು ವರ್ಷ ಹಾಡಿತು.

ಮಾಮ ಕಾಗದ ಬರೆಯುತ್ತಿರಲಿಲ್ಲ. ಉಮ್ಮನಿಗೆ ಓದು ಬರುವುದಿಲ್ಲ, ಮಾಮನಿಗೆ ಕನ್ನಡ ಬರೆಯಲು ಕಷ್ಟ. ಬರೆದರೂ ಬೇರೆಯವರು ಓದಿ ಹೇಳಬೇಕು, ಅದರಲ್ಲಿ ಮನೆಯ ಗುಟ್ಟು ಹೇಳುವ ಹಾಗಿಲ್ಲ. ಅದಕ್ಕೆ ಅವರು 60 ನಿಮಿಷದ ಖಾಲಿ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಒಂದು ಬದಿ ಉಮ್ಮನಿಗೆ, ಇನ್ನೊಂದು ಬದಿ ಊರಿನ ಅಜ್ಜಿಗೆ. ಉಮ್ಮ ಕೇಳಿ, ಅದರ ಮೇಲೆಯೇ ತನ್ನ ಉತ್ತರ ರೆಕಾರ್ಡ್ ಮಾಡಿ ವಾಪಸ್ ಕಳಿಸುತ್ತಿದ್ದರು. ಹೀಗೆ ಅಳಿಸಿ ಅಳಿಸಿ ಮಾತಾಡಿದ್ದರಿಂದ ಉಳಿದದ್ದು ಒಂದೇ ಕ್ಯಾಸೆಟ್. ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ನಡೆದಿದೆ. 'ನಕ್ಕ್-ನಿಕ್ಕ್ ಬಾಸೆ' ಎಂದು ಬೇರೆಯವರು ತಮಾಷೆ ಮಾಡುತ್ತಿದ್ದ ನಮ್ಮ ಮಾತು, ಬರೆಯುವ ರೂಢಿಯೇ ಕಡಿಮೆ ಇದ್ದ ಮಾತು, ಹೀಗೆ ಸಮುದ್ರ ದಾಟಿ ಹೋಗಿ ಬಂತು.

ಇನ್ನು ಪೆಟ್ಟಿಗೆ ಯಾಕೆ ಭಾರ ಎಂಬುದು. 2001ರಲ್ಲಿ ಒಬ್ಬ ಹೋಲ್‌ಸೇಲ್ ವ್ಯಾಪಾರಿ ಉಪ್ಪನಿಗೆ ಅರ್ಧ ಬೆಲೆಗೆ ಎರಡು ಸಾವಿರ ಕ್ಯಾಸೆಟ್ ಕೊಡುತ್ತೇನೆ ಅಂದ. ಅಷ್ಟರಲ್ಲಿ ಸಿಡಿ ಬಂದಾಗಿತ್ತು, ಒಂದೇ ಡಿಸ್ಕಿನಲ್ಲಿ ನೂರು ಎಂಪಿ3 ಹಾಡು ಸಂತೆಯಲ್ಲಿ ಸಿಗುತ್ತಿತ್ತು. ಉಪ್ಪ ಅದನ್ನು ಕಂಡಿದ್ದರು. ಆದರೂ, ಹದಿನೈದು ವರ್ಷ ಅನ್ನ ಕೊಟ್ಟ ವಸ್ತು ಎರಡೇ ವರ್ಷದಲ್ಲಿ ಸಾಯುವುದಿಲ್ಲ ಎಂದು ಲೆಕ್ಕ ಹಾಕಿ, ಉಮ್ಮನ ಬಳೆ ಅಡವಿಟ್ಟು ಕೊಂಡರು. ಅರ್ಧಕ್ಕಿಂತ ಹೆಚ್ಚು ಮಾರಾಟವಾಗಲಿಲ್ಲ. ವ್ಯಾಪಾರಿ ವಾಪಸ್ ತೆಗೆದುಕೊಳ್ಳಲಿಲ್ಲ. ಬಳೆ ಬಿಡಿಸಲು ಆರು ವರ್ಷ ಬೇಕಾಯಿತು.

ಮೂರನೆಯ ಪೆಟ್ಟಿಗೆ: ಎಸ್‌ಟಿಡಿ ಮೀಟರ್

ಕೆಂಪು ಅಂಕಿಗಳು ಓಡುವ ಮೀಟರ್, ಬಿಲ್ಲಿನ ಸಣ್ಣ ಪ್ರಿಂಟರ್. ನಮ್ಮ ಅಂಗಡಿಗೆ ಪಿಸಿಒ ಬಂದದ್ದು 1991ರಲ್ಲಿ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಸಿ-ಡಾಟ್ ಹುಟ್ಟಿ, ಧೂಳು ಸೆಕೆಯಲ್ಲಿ ಎಸಿ ಇಲ್ಲದೆ ನಡೆಯುವ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ತಯಾರಿಸಿದ ಮೇಲೆ ಇಂಥ ತಾಲೂಕುಗಳಿಗೂ ಹಳದಿ ಬೋರ್ಡ್ ಬಂತು. ಮನೆಗೆ ಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ, ಒಂದು ಫೋನನ್ನು ಇಡೀ ಪೇಟೆ ಹಂಚಿಕೊಂಡು ಬಳಸುವ ವ್ಯವಸ್ಥೆ ಅದು.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು ಕಿಲ್ಲಾರಿಯ ಭೂಕಂಪ. ಆಗ ನಮ್ಮ ತಾಲೂಕಿನಲ್ಲೇ ಇದ್ದ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ಮಣ್ಣಾದವು. ಸತ್ತವರು ಸುಮಾರು ಹತ್ತು ಸಾವಿರ. ಮಣ್ಣು ಮೆತ್ತಿ ಕಲ್ಲು ಪೇರಿಸಿದ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದಿದ್ದವು. ನನಗೆ ಐದು ವರ್ಷ. ಉಮ್ಮ ನನ್ನನ್ನು ಎತ್ತಿಕೊಂಡು ಬೀದಿಗೆ ಓಡಿದ್ದು, ಕತ್ತಲಲ್ಲಿ ಯಾರೋ ಟಾರ್ಚ್ ಹಾಕಿದ್ದು ಇಷ್ಟೇ ನೆನಪು. ಉಳಿದದ್ದು ಉಪ್ಪ ಹೇಳಿದ್ದು. ಲೈನ್ ಸಿಕ್ಕಿದ ಮೇಲೆ ಬೂತಿನ ಮುಂದೆ ಹೆದ್ದಾರಿಯವರೆಗೆ ಸಾಲು. ಪುಣೆಯಲ್ಲಿ, ಮುಂಬಯಿಯಲ್ಲಿ ದುಡಿಯುವ ಮಕ್ಕಳಿಗೆ ಸುದ್ದಿ ಹೇಳಲು ಬಂದವರು. ಫೋನ್ ಹಿಡಿದರೂ ಮಾತು ಹೊರಡದವರ ಬದಲಿಗೆ ಉಪ್ಪನೇ ಮಾತಾಡಿದರು, ಕೆಲವರಿಗೆ ಮರಾಠಿಯಲ್ಲಿ, ಕೆಲವರಿಗೆ ಕನ್ನಡದಲ್ಲಿ. ಆ ವಾರ ಮೀಟರ್ ಓಡಿತು, ಉಪ್ಪ ಬಿಲ್ ಹರಿಯಲಿಲ್ಲ. ಇಲಾಖೆಗೆ ಕಟ್ಟಬೇಕಾದ ಹಣವನ್ನು ಕಂತಿನಲ್ಲಿ ಕಟ್ಟಿದರು.

ಈಗಲೂ ಸಾಸ್ತೂರಿನ ಕಡೆಯ ಹಿರಿಯರು ಮೊಬೈಲ್ ಕೊಳ್ಳಲು ಲಾತೂರಿಗೆ ಹೋಗದೆ ನಮ್ಮಲ್ಲಿಗೇ ಬರುತ್ತಾರೆ.

ನಾಲ್ಕನೆಯ ಪೆಟ್ಟಿಗೆ: ಚೈನಾ ಸೆಟ್, ಮೆಮೊರಿ ಕಾರ್ಡ್

ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ. ನಿಮಿಷಕ್ಕೆ 16 ರೂಪಾಯಿವರೆಗೆ ದರ, ಬಂದ ಕರೆಗೂ ದುಡ್ಡು. 2003ರ ಮೇ ತಿಂಗಳಿಂದ ಬರುವ ಕರೆ ಉಚಿತವಾಯಿತು. ನನ್ನ ಪ್ರಕಾರ ಮೊಬೈಲಿನ ಚರಿತ್ರೆಯಲ್ಲಿ ಇದು ದೊಡ್ಡ ತಿರುವು. ದುಡ್ಡಿಲ್ಲದವನೂ ಫೋನ್ ಇಟ್ಟುಕೊಂಡು ಮಿಸ್ಡ್ ಕಾಲ್ ಕೊಡಬಹುದು ಎಂದಾಯಿತು. ಅದೇ ವರ್ಷ ನೋಕಿಯಾ 1100 ಬಂತು. ಧೂಳು ಹೋಗದ ಕೀಪ್ಯಾಡ್, ತಲೆಯಲ್ಲಿ ಟಾರ್ಚ್. ಜಗತ್ತಿನಲ್ಲಿ 25 ಕೋಟಿಗಿಂತ ಹೆಚ್ಚು ಮಾರಾಟವಾದ ಸೆಟ್ ಅದು. ಎರಡು ಮೂರು ವರ್ಷದಲ್ಲಿ ನಮ್ಮ ಬೂತ್ ಖಾಲಿಯಾಯಿತು.

ನಾನು ಅಜ್ಜಿ ಮನೆಯಲ್ಲಿದ್ದು ಕನ್ನಡ ಮೀಡಿಯಂನಲ್ಲಿ ಓದಿ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ 2009ರಲ್ಲಿ ಉಮರ್ಗಾಕ್ಕೆ ವಾಪಸ್ ಬಂದೆ. ಫ್ಯಾಕ್ಟರಿ ಕೆಲಸ ಸಿಗುವವರೆಗೆ ಅಂದುಕೊಂಡಿದ್ದೆ. ಆಗ ಚೈನಾ ಸೆಟ್‌ಗಳ ಕಾಲ. ತೈವಾನಿನ ಮೀಡಿಯಾಟೆಕ್ ಕಂಪೆನಿ ಚಿಪ್ಪಿನ ಜೊತೆಗೆ ಇಡೀ ಫೋನಿನ ನಕ್ಷೆಯನ್ನೂ ಕೊಡುತ್ತಿದ್ದರಿಂದ ಶೆನ್‌ಜೆನ್‌ನ ಸಣ್ಣ ಸಣ್ಣ ಕಾರ್ಖಾನೆಗಳೂ ಫೋನ್ ಮಾಡಿದವು. ಎರಡು ಸಿಮ್, ಮದುವೆ ಮಂಟಪಕ್ಕೆ ಸಾಕಾಗುವಷ್ಟು ಸ್ಪೀಕರ್. 2009ರ ಡಿಸೆಂಬರಿನಲ್ಲಿ ಐಎಂಇಐ ನಂಬರ್ ಇಲ್ಲದ ಸೆಟ್‌ಗಳನ್ನು ಸರಕಾರ ಬಂದ್ ಮಾಡಿಸಿತು. ನಮ್ಮ ಕಪಾಟಿನ ಸೆಟ್‌ಗಳೂ ಒಂದೇ ರಾತ್ರಿಯಲ್ಲಿ ಮೂಕವಾದವು.

ಆ ಪೆಟ್ಟು ಬಿದ್ದ ಮೇಲೆ ನಾನು ಹೈದರಾಬಾದಿಗೆ ಹೋಗಿ, ಅಬಿಡ್ಸ್‌ನ ಜಗದೀಶ್ ಮಾರ್ಕೆಟಿನಲ್ಲಿ ಮೂರು ತಿಂಗಳು ಸ್ಟೂಲಿನ ಮೇಲೆ ಕೂತು ರಿಪೇರಿ ಕಲಿತೆ. ಬ್ಲೋವರ್ ಹಿಡಿಯುವುದು, ಜಂಪರ್ ಎಳೆಯುವುದು, ಚಾರ್ಜಿಂಗ್ ಪಿನ್ ಬದಲಿಸುವುದು. ಲೇತ್ ಮೇಲೆ ಕಲಿತದ್ದರಲ್ಲಿ ಒಂದೇ ಇಲ್ಲಿ ಉಪಯೋಗಕ್ಕೆ ಬಂತು: ಅಳೆಯದೆ ಕೈ ಹಾಕಬೇಡ ಎಂಬುದು.

ಆಗ ರಿಪೇರಿಗಿಂತ ಹೆಚ್ಚು ಸಂಪಾದನೆ ಹಾಡು ತುಂಬುವುದರಲ್ಲಿತ್ತು. ಮೆಮೊರಿ ಕಾರ್ಡ್ ಕೊಟ್ಟರೆ 20 ರೂಪಾಯಿಗೆ ಇನ್ನೂರು ಹಾಡು. ಅದು ಕಾನೂನಿಗೆ ಸರಿಯಾದ ವ್ಯಾಪಾರ ಅಲ್ಲ, ಆದರೂ ಮಾಡಿದೆವು. ಹಬ್ಬದ ದಿನ ಒಂದೇ ಕಂಪ್ಯೂಟರಿನ ಮುಂದೆ ನಲವತ್ತು ಜನ ಕಾಯುತ್ತಿದ್ದರು. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು, ಮುಂದಿನ ಮಾರ್ಚ್‌ವರೆಗೆ ಡೇಟಾ ಉಚಿತ. ದೀಪಾವಳಿಯ ಹೊತ್ತಿಗೆ ಹಾಡು ತುಂಬಿಸಲು ಬಂದವರು ಇಬ್ಬರು, ಅವರಲ್ಲಿ ಒಬ್ಬರು ಆ ಉಸ್ತಾದ್.

ಐದನೆಯ ಪೆಟ್ಟಿಗೆ: ಬೇರೆಯವರ ಖಾಲಿ ಡಬ್ಬಗಳು

ಕೊನೆಯ ಪೆಟ್ಟಿಗೆಯಲ್ಲಿರುವುದು ಗಿರಾಕಿಗಳು ಬಿಟ್ಟುಹೋದ ಫೋನ್ ಡಬ್ಬಗಳು. ಯಾವುದೂ ನಾವು ಮಾರಿದ್ದಲ್ಲ. 2014ರಲ್ಲಿ ಶಿಯೋಮಿ ಕಂಪೆನಿ ಅಂಗಡಿಗೆ ಮಾಲು ಕೊಡದೆ ಆನ್‌ಲೈನಿನಲ್ಲಷ್ಟೇ ಮಾರಲು ಶುರು ಮಾಡಿತು. ಕೆಲವೇ ಸೆಕೆಂಡುಗಳಲ್ಲಿ ಮಾಲು ಮುಗಿಯುವ ಫ್ಲ್ಯಾಶ್ ಸೇಲ್. ಉಮರ್ಗಾದ ಹುಡುಗರು ಕೊಂಡರು, ಸ್ಕ್ರೀನ್ ಗಾರ್ಡ್ ಹಾಕಿಸಲು ನಮ್ಮಲ್ಲಿಗೆ ಬಂದರು. ಸೆಟ್‌ನಲ್ಲಿ ಸಿಗುವ ಲಾಭ ಹೋಯಿತು, ಗಾಜು ಅಂಟಿಸುವ ಕೂಲಿ ಉಳಿಯಿತು. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಒಂದು ತಿಂಗಳು ಗಲ್ಲಾಪೆಟ್ಟಿಗೆ ಖಾಲಿ. ಈಗ ಯುಪಿಐ ಸೌಂಡ್‌ಬಾಕ್ಸ್ ಮರಾಠಿಯಲ್ಲಿ ದುಡ್ಡು ಬಂದದ್ದನ್ನು ಕೂಗಿ ಹೇಳುತ್ತದೆ. ಉಪ್ಪ ಪ್ರತಿ ಸಲವೂ ತಲೆಯೆತ್ತಿ ಅದರ ಕಡೆ ನೋಡುತ್ತಾರೆ.

ರಿಪೇರಿಯೂ ಮೊದಲಿನಂತೆ ಸುಲಭವಿಲ್ಲ. ಬ್ಯಾಟರಿ ಅಂಟಿಸಿರುತ್ತಾರೆ, ಡಿಸ್‌ಪ್ಲೇಯ ಬೆಲೆ ಎಷ್ಟೋ ಸಲ ಫೋನಿನ ಅರ್ಧ ಬೆಲೆಗೆ ಬರುತ್ತದೆ. ರಿಪೇರಿ ಗ್ರಾಹಕರ ಹಕ್ಕು ಎಂದು ಕೇಂದ್ರ ಸರಕಾರ 2022ರಲ್ಲಿ ಒಂದು ಪೋರ್ಟಲ್ ತೆರೆದಿದೆ. ನಮ್ಮ ಮೇಜಿನವರೆಗೆ ಅದರ ಬಿಸಿ ಇನ್ನೂ ತಲುಪಿಲ್ಲ.

ಅಕ್ಕನಿಗೆ ಹೇಳಿದ್ದು

ಐದು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಲೆಕ್ಕ ಹಾಕಿದೆ. ಕ್ಯಾಸೆಟ್ ನಮಗೆ ಹದಿನೈದು ವರ್ಷ ಅನ್ನ ಕೊಟ್ಟಿತು. ಎಸ್‌ಟಿಡಿ ಹದಿನಾಲ್ಕು. ಹಾಡು ತುಂಬುವುದು ಏಳು. ಚೈನಾ ಸೆಟ್ ಮೂರೂ ಇಲ್ಲ. ಹೊಸ ಯಂತ್ರದ ಆಯುಷ್ಯ ಪ್ರತಿ ಸಲವೂ ಕಡಿಮೆಯಾಗುತ್ತಿದೆ, ಹಾಕುವ ಬಂಡವಾಳ ಮಾತ್ರ ಹೆಚ್ಚಾಗುತ್ತಿದೆ. ನಮಗೆ ನಷ್ಟವಾದದ್ದು ಪ್ರತಿ ಸಲವೂ ಮಾಲು ತುಂಬಿಟ್ಟಾಗ. ಉಳಿದುಕೊಂಡದ್ದು ಸೆಲ್ಲಿನಿಂದ, ಬೂತಿನಿಂದ, ರಿಪೇರಿಯಿಂದ.

ಹಾಗಾಗಿ ಅಕ್ಕನಿಗೆ ಹೇಳಿದೆ: "ಚಿನ್ನ ಮುಟ್ಟಬೇಡಿ. ಮೊದಲು ಎರಡು ಲಕ್ಷದಲ್ಲಿ ಒಂದು ರಿಪೇರಿ ಮೇಜು ಹಾಕಲಿ. ಊರಿನ ಯಾವ ಗಿರಾಕಿಗೆ ಯಾವುದು ಬೇಕು ಎಂದು ಒಂದು ವರ್ಷ ನೋಡಲಿ, ಶೋರೂಮ್ ವಿಷಯ ಆಮೇಲೆ." ಅಳಿಯನಿಗೆ ಇದು ಹಿಡಿಸಲಿಲ್ಲ. "ಮಾಮ, ಗ್ಲಾಸ್ ಅಂಗಡಿ ಇಲ್ಲದಿದ್ದರೆ ಈಗ ಯಾರು ಒಳಗೆ ಬರ್ತಾರೆ?" ಅಂದ. ಅವನು ಹೇಳಿದ್ದರಲ್ಲೂ ಸತ್ಯ ಇದೆ. ಮಂಗಳೂರು ಉಮರ್ಗಾ ಅಲ್ಲ. ಇನ್ನೂ ತೀರ್ಮಾನ ಆಗಿಲ್ಲ. ಆದರೆ ಎರಡು ವಾರಕ್ಕೆಂದು ಇಲ್ಲಿಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಾನೆ.

ಮೊನ್ನೆ ಗಡಿಯ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಮೊಮ್ಮಗ ಪುಣೆಯಲ್ಲಿ. "ಅವಂಗ ಕನ್ನಡ ಓದ್ಲಾಕ ಬರಲ್ರಿ ಸಾವ್ಕಾರ್ರ, ಮರಾಠಿ ಸಾಲಿ ಕಲ್ತಾನ. ಕೇಳಿದ್ರ ತಿಳಿತದ. ನಾ ಮಾತಾಡ್ತೀನಿ, ನೀವು ಕಳಿಸ್ರಿ" ಅಂದರು. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕುವುದನ್ನು ಅಳಿಯ ಅವರಿಗೆ ತೋರಿಸಿಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಅಜ್ಜಿ ಹೊರಡುವಾಗ ಒಂದು ಚಾರ್ಜರ್ ಕೊಂಡರು.

ಅದನ್ನು ನೋಡುವಾಗ ನನಗೆ ಉಮ್ಮನ ಕ್ಯಾಸೆಟ್ ನೆನಪಾಯಿತು. ಶಾಲೆಯಲ್ಲಿ ಕಲಿಸದ ಮಾತು ಉಳಿಯುವುದು ಬಾಯಿಂದ ಕಿವಿಗೆ. ಇಲ್ಲಿ ಕನ್ನಡಕ್ಕೂ ಅದೇ ಪಾಡು, ನಮ್ಮ ಬಾಸೆಗೂ ಅದೇ ಪಾಡು. 2024ರಲ್ಲಿ ಗೂಗಲ್ ಅನುವಾದಕ್ಕೆ 110 ಭಾಷೆಗಳನ್ನು ಸೇರಿಸಿದಾಗ ತುಳುವೂ ಬಂತು. ಬ್ಯಾರಿ ಆ ಪಟ್ಟಿಯಲ್ಲಿ ಇರಲಿಲ್ಲ. ಯಂತ್ರ ಒಂದು ಭಾಷೆಯನ್ನು ಕಲಿಯಬೇಕಾದರೆ ಆ ಭಾಷೆಯ ಬರಹ ಬೇಕು, ಧ್ವನಿ ಬೇಕು. ನಮ್ಮ ಧ್ವನಿ ಅಟ್ಟದ ಮೇಲಿದೆ.

ಆ ರಾತ್ರಿ ನಾವಿಬ್ಬರೂ ಸೇರಿ ಮಾಮನ ಟೂ-ಇನ್-ಒನ್ ಬಿಚ್ಚಿದೆವು. ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಬೆಲ್ಟ್ ಹಾಕಿ, ಹೆಡ್ ಸ್ವಚ್ಛ ಮಾಡಿ, ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಎರಡು ಸಲ ಸುತ್ತಿ ಬಿಗಿ ಮಾಡಿ ಹಾಕಿದೆವು. ಮೊದಲು ಬರೀ ಗರಗರ. ಆಮೇಲೆ ಮಾಮ ಕೆಮ್ಮಿದರು. ಉಮ್ಮನ ಹೆಸರು ಹಿಡಿದು ಕರೆದರು. ಮಳೆ ಬಂತಾ, ಹಟ್ಟಿಯ ಹಿಂದಿನ ಹಲಸಿನ ಮರ ಕಾಯಿ ಬಿಟ್ಟಿದೆಯಾ ಎಂದು ಕೇಳಿದರು. ಅವರು ತೀರಿಕೊಂಡು ಆರು ವರ್ಷವಾಯಿತು. ಉಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿ, "ಆ ಮರ ಕಡಿದಾಯ್ತಲ್ಲ" ಎಂದು ಯಂತ್ರಕ್ಕೇ ಉತ್ತರ ಕೊಟ್ಟರು.

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಒರೆಸದೆ ಪ್ಲೇ ಮಾಡಬೇಡಿ, ಅದು ಹೆಡ್ಡಿಗೆ ಅಂಟಿ ಟೇಪನ್ನು ಹರಿಯುತ್ತದೆ. ಬೆಲ್ಟ್ ಬದಲಿಸಿದ ಯಂತ್ರದಲ್ಲಿ ಹಾಕಿ. ಕಂಪ್ಯೂಟರಿಗೆ ತಂತಿ ಜೋಡಿಸಲು ಬಾರದಿದ್ದರೆ ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೂ ಸಾಕು. ಯಾರ ಧ್ವನಿ, ಯಾವ ಊರು, ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ.